ಎಂಟನೇ ಮಹಡಿಯ ಒಪ್ಪಿಗೆ

ದುಬೈ
17 ಸೆಪ್ಟೆಂಬರ್ 2015

ರುಬೀನಾ,

ಪತ್ರ ನೋಡಿ ನಗಬೇಡ. ಒಂದೇ ಕಂಪೆನಿ, ನಡುವೆ ಒಂದೂವರೆ ಗಂಟೆಯ ದಾರಿ, ಕೈಯಲ್ಲಿ ಎರಡೆರಡು ಫೋನು. ಆದರೂ ಈ ಜೂಡಿತ್ ಕಾಗದ ಪೆನ್ನು ಹಿಡಿದು ಕೂತಿದ್ದಾಳಲ್ಲ ಅಂತ ನಿನಗೆ ಅನಿಸಬಹುದು. ಕಾರಣ ಉಂಟು. ಕಳೆದ ವಾರ ಬಿಲ್ಲಿಂಗ್ ವಿಭಾಗದ ಹುಡುಗಿಯೊಬ್ಬಳು ಗೆಳತಿಗೆ ವಾಟ್ಸ್ಯಾಪ್‌ನಲ್ಲಿ ‘ಇಲ್ಲಿ ಉಸಿರು ಕಟ್ಟುತ್ತದೆ’ ಅಂತ ಬರೆದಳಂತೆ. ಒಂದೆರಡು ದಿನದಲ್ಲಿ ಆ ಸಾಲಿನ ಪ್ರಿಂಟು ಎಂಟನೇ ಮಹಡಿಯ ಮೇಜಿನ ಮೇಲಿತ್ತು. ಗೆಳತಿ ಕೊಟ್ಟಳೋ, ಗೆಳತಿಯ ಗೆಳತಿ ಕೊಟ್ಟಳೋ ಗೊತ್ತಿಲ್ಲ. ಹುಡುಗಿ ಈಗ ಕೆಲಸದಲ್ಲಿ ಇಲ್ಲ. ಅಂದಿನಿಂದ ಇಲ್ಲಿ ಯಾರೂ ಯಾರಿಗೂ ‘ಓಕೆ’ ಮತ್ತು ಹೆಬ್ಬೆರಳಿನ ಚಿತ್ರ ಬಿಟ್ಟು ಬೇರೇನೂ ಕಳುಹಿಸುವುದಿಲ್ಲ. ಅದಕ್ಕೇ ಇದನ್ನು ಉಮ್ಮರಬ್ಬ ಕಾಕನ ಕೈಯಲ್ಲಿ ಕೊಡುತ್ತಿದ್ದೇನೆ. ಔಷಧಿ ಪೆಟ್ಟಿಗೆಯ ವ್ಯಾನು ತೆಗೆದುಕೊಂಡು ಅವರು ದಿನವೂ ನಿಮ್ಮ ಅಬುಧಾಬಿ ಬ್ರಾಂಚಿಗೆ ಬರುತ್ತಾರಲ್ಲ.

ಹೊಸ ಆಫೀಸಿಗೆ ಬಂದು ಐದು ತಿಂಗಳಾಯಿತು. ಹಳೆಯ ಆಫೀಸು, ಸತ್ವಾ ಬಡಾವಣೆಯ ಆ ವಿಲ್ಲಾದಲ್ಲಿ ಹದಿನೆಂಟು ಜನ ಇದ್ದಾಗ ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಅಡುಗೆಮನೆಯೇ ನನ್ನ ಎಚ್.ಆರ್. ವಿಭಾಗ, ನರ್ಸಾಗಿದ್ದ ನಿನಗೆ ಕಾರು ನಿಲ್ಲಿಸುವ ಶೆಡ್ಡೇ ಔಷಧಿ ಸ್ಟೋರು. ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ನರ್ಸುಗಳನ್ನು ಕಳುಹಿಸುವ ಒಂದು ಸಣ್ಣ ಕಂಪೆನಿ ಆರುನೂರು ಜನರದ್ದಾಗುತ್ತದೆ ಅಂತ, ಅದನ್ನು ಕಟ್ಟಿದ ಪಾಯ್ಸ್ ಸರ್ ಕೂಡ ಎಣಿಸಿರಲಿಲ್ಲ. ಹೂಡಿಕೆದಾರರು ಬಂದ ಮೇಲೆ ಸರ್ ಬಾಗಿಲಿಗೆ ‘ಸ್ಥಾಪಕರು’ ಅಂತ ಬೋರ್ಡು ಹಾಕಿ ಐದನೇ ಮಹಡಿಯ ಮೂಲೆಯಲ್ಲಿ ಕೂರಿಸಿದ್ದಾರೆ. ಆಳುವವರೆಲ್ಲ ಎಂಟನೇ ಮಹಡಿಯಲ್ಲಿ. ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ‘ಎಂಟನೇ ಮಹಡಿ ಕೇಳಿದೆ’, ‘ಎಂಟನೇ ಮಹಡಿ ಒಪ್ಪಿಲ್ಲ’ ಅನ್ನುತ್ತಾರೆ, ಮಹಡಿಗೇ ಬಾಯಿ ಬಂದ ಹಾಗೆ.

ವಾರದ ಕೆಲಸ ಶುರುವಾಗುವ ಪ್ರತಿ ಭಾನುವಾರ ಹೊಸ ಮುಖಗಳು. ಕುತ್ತಿಗೆಯ ಕಾರ್ಡು ನೋಡದೆ ನಾನು ಯಾರನ್ನೂ ಹೆಸರು ಹಿಡಿದು ಕರೆಯಲಾರೆ. ಈಗ ಹೊಸ ನಿಯಮ ಬಂದಿದೆ, ನಿಮಗೂ ಬರುತ್ತದೆ. ತಿಂಗಳಿಗೊಮ್ಮೆ ಪ್ರತಿ ವಿಭಾಗದಲ್ಲೂ ಹತ್ತರಲ್ಲಿ ಒಬ್ಬರನ್ನು ‘ಕೆಂಪು’ ಅಂತ ಗುರುತಿಸಬೇಕು. ಹತ್ತು ಜನರೂ ಚೆನ್ನಾಗಿ ದುಡಿದಿದ್ದರೂ ಒಬ್ಬರು ಕೆಂಪಾಗಲೇಬೇಕು. ಎರಡು ಸಲ ಕೆಂಪಾದವರು ಮನೆಗೆ. ನಿನ್ನೆ ಪ್ಯಾಂಟ್ರಿಯಲ್ಲಿ ಚಹಾ ಮಾಡುತ್ತಿದ್ದ ಮೂವರು ನಾನು ಒಳಗೆ ಬಂದದ್ದೇ ಸುಮ್ಮನಾದರು. ನಾನು ಎಚ್.ಆರ್. ಅಲ್ಲವಾ? ನಗಬೇಕು ಅನಿಸಿತು, ಆದರೆ ನಗು ಬರಲಿಲ್ಲ.

ಗಂಡನ ಕಡೆಯೂ ನೆಮ್ಮದಿ ಇಲ್ಲ. ರುವೈಸ್‌ನ ಎಣ್ಣೆ ರಿಫೈನರಿಯಿಂದ ಲೆಸ್ಟರ್ ಫೋನ್ ಮಾಡಿದಾಗಲೆಲ್ಲ ಒಂದೇ ಸುದ್ದಿ. ಎಣ್ಣೆಯ ಬೆಲೆ ಬಿತ್ತು, ಇವತ್ತು ಇವನು ಹೋದ, ನಾಳೆ ಯಾರೋ. ನನ್ನದು ಗಟ್ಟಿ ಉಂಟು, ಹೆದರಬೇಡ ಅನ್ನುತ್ತಾರೆ. ಅವರ ದನಿ ಕೇಳಿದರೇ ನನಗೆ ಹೆದರಿಕೆ.

ಓದಿ ಹರಿದು ಹಾಕು.

ಜೂಡಿತ್

*

ಅಬುಧಾಬಿ
9 ಅಕ್ಟೋಬರ್ 2015

ಜೂಡಿತ್,

ಹರಿದು ಹಾಕಲಿಲ್ಲ. ನಿನ್ನ ಕೊಂಕಣಿ ನನಗೆ ಬಾರದು, ನನ್ನ ಬ್ಯಾರಿ ನಿನಗೆ ಬಾರದು, ಇಬ್ಬರಿಗೂ ಉಳಿದದ್ದು ಶಾಲೆಯಲ್ಲಿ ಕಲಿತ ಈ ಕನ್ನಡ. ಎಂಟನೇ ಮಹಡಿಯಲ್ಲಿ ಇದನ್ನು ಓದುವವರು ಯಾರಿದ್ದಾರೆ? ಸುಮ್ಮನೆ ಹೆದರಬೇಡ ಮಾರಾಯ್ತಿ.

ಹಾಗೆ ಬರೆದೆ, ಆದರೆ ಇಲ್ಲಿಯದೂ ಅದೇ ಕಥೆ. ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ಕೂರಲು ಕುರ್ಚಿ ಇಲ್ಲದಷ್ಟು ನರ್ಸುಗಳು ಬಂದಿದ್ದಾರೆ. ಅದಕ್ಕಿಂತ ಬೇಗ ನರ್ಸ್ ಬೇಕೆನ್ನುವ ಮನೆಗಳು ಬಂದಿವೆ. ಎಂಟನೇ ಮಹಡಿ ‘ಇಲ್ಲ’ ಅನ್ನದೆ ಎಲ್ಲ ಮನೆಗೂ ಒಪ್ಪಿಕೊಳ್ಳುತ್ತದೆ. ಒಪ್ಪಿದ ಮೇಲೆ ನರ್ಸನ್ನು ಹುಡುಕುವ ಕೆಲಸ ನನ್ನದು. ಒಂದು ಮನೆಯಲ್ಲಿ ರಾತ್ರಿಪಾಳಿ ಮುಗಿಸಿದವಳನ್ನು ಹಾಗೇ ವ್ಯಾನಿನಲ್ಲಿ ಇನ್ನೊಂದು ಮನೆಯ ಹಗಲುಪಾಳಿಗೆ ಇಳಿಸುತ್ತೇನೆ. ಇದನ್ನು ನಾನು ಮಾಡುತ್ತಿದ್ದೇನೆ, ಬೇರೆ ಯಾರೂ ಅಲ್ಲ.

ಸ್ಟೇಸಿ ಅಂತ ಹೊಸ ಹುಡುಗಿ ಬಂದಿದ್ದಾಳೆ, ಶಿರ್ವದ ಕಡೆಯವಳು. ಚುರುಕು, ಕೈ ಮೆದು. ಮುಸ್ಸಂಜೆಯ ಪ್ರಾರ್ಥನೆಗೆ ಕೂತಂತೆ ವ್ಯಾನಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾಳೆ. ನೋಡಿದರೆ ನಿದ್ದೆ. ಮೊನ್ನೆ ಅವಳನ್ನು ಕೇಳಿದೆ, ‘ಇನ್ಸುಲಿನ್ ಕೊಟ್ಟು ಅಭ್ಯಾಸ ಉಂಟಾ?’ ಅಂತ. ‘ಊರಲ್ಲಿ ಮಕ್ಕಳ ವಾರ್ಡಲ್ಲಿ ಇದ್ದದ್ದು ಮೇಡಂ, ಇಲ್ಲಿ ಟ್ರೇನಿಂಗಲ್ಲಿ ವಿಡಿಯೋ ತೋರಿಸಿದ್ದಾರೆ’ ಅಂದಳು. ಹೊಸಬರಿಗೆ ನಾವು ಎರಡು ವಾರ ಕೈಹಿಡಿದು ಕಲಿಸುತ್ತಿದ್ದೆವಲ್ಲ? ಈಗ ಎರಡು ದಿನವಂತೆ. ಹೌದಾ?

ನೀನು ಪಾಯ್ಸ್ ಸರ್ ಹತ್ತಿರ ಹೇಳು. ನಿನ್ನ ಮಾತು ಅವರು ಕೇಳುತ್ತಾರೆ. ಯಾರಾದರೂ ಸಾಯುವ ಮೊದಲು ಹೇಳು.

ಗಂಡ ಸವಾದ್ ನಿನಗೆ ಸಲಾಂ ಹೇಳಿದ್ದಾನೆ. ನಿನ್ನ ಮಗಳಿಗೆ ನನ್ನ ಮುತ್ತು.

ರುಬೀನ

*

ದುಬೈ
26 ನವೆಂಬರ್ 2015

ರುಬೀನಾ,

ಉತ್ತರ ತಡವಾಯಿತು. ಒಳ್ಳೆಯದು ಏನಾದರೂ ಬರೆಯಲು ಸಿಗಲಿ ಅಂತ ಕಾದೆ.

ಪಾಯ್ಸ್ ಸರ್ ಹತ್ತಿರ ಹೋದೆ. ಮೊದಲಾದರೆ ಅವರ ಬಾಗಿಲು ತಟ್ಟುವುದೇ ಇರಲಿಲ್ಲ, ಬಾಗಿಲೇ ಇರಲಿಲ್ಲ. ಈಗ ಸಮಯ ಕೇಳಿ ಹೋಗಬೇಕು. ನಾನು ಟ್ರೇನಿಂಗ್ ವಿಷಯ ಎತ್ತಿದ ಕೂಡಲೇ ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ ಮೆಲ್ಲಗೆ ಕೇಳಿದರು, ‘ಯಾರು ಕಳಿಸಿದ್ದು ನಿನ್ನನ್ನು?’

‘ಯಾರೂ ಕಳಿಸ್ಲಿಲ್ಲ ಸರ್. ನರ್ಸುಗಳಿಗೆ ಎರಡು ದಿನ ಸಾಕಾಗುದಿಲ್ಲ.’

‘ಎರಡು ವಾರ ಕೂರಿಸಿದ್ರೆ ಆ ಎರಡು ವಾರದ ಮನೆಗಳು ಬೇರೆ ಕಂಪೆನಿಗೆ ಹೋಗ್ತವೆ ಅಂತ ಅವರ ಲೆಕ್ಕ. ನಾನು ಒಂದು ಸಲ ಹೇಳಿದೆ ಜೂಡಿತ್. ಮೀಟಿಂಗಲ್ಲಿ ಎಲ್ಲರೂ ನನ್ನ ಮುಖ ನೋಡಿದ್ರು. ಮುಂದಿನ ಮೀಟಿಂಗಿಗೆ ನನ್ನನ್ನು ಕರೀಲೇ ಇಲ್ಲ.’ ಮೇಜಿನ ಗಾಜು ಉಜ್ಜಿದರು. ‘ನೀನು ಬಂದದ್ದು ಯಾರಿಗೂ ಹೇಳ್ಬೇಡ. ನಿನ್ನ ಒಳ್ಳೇದಕ್ಕೇ ಹೇಳುದು.’

ರುಬೀನಾ, ಅವರಿಗೂ ಹೆದರಿಕೆ. ಅದನ್ನು ನೋಡಿದ ಮೇಲೆ ತಂದ ಫೈಲು ಬಿಡಿಸದೆ ಎದ್ದು ಬಂದೆ. ಅವರು ಬೈದಿದ್ದರೆ ಏಳುತ್ತಿರಲಿಲ್ಲ.

ಇನ್ನೊಂದು. ಅಕೌಂಟ್ಸ್‌ನ ವಿಲ್ಸನ್ ಹೋದ. ನಮ್ಮ ಸತ್ವಾದ ವಿಲ್ಸನ್. ಎರಡನೆಯ ಸಲ ಕೆಂಪು. ಕಳೆದ ಗುರುವಾರ ಮಧ್ಯಾಹ್ನ ಅವನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಒಪ್ಪಲಿಲ್ಲ. ಅವನು ಐ.ಟಿ.ಯವರಿಗೆ ಫೋನ್ ಮಾಡಿ ‘ನನ್ನದು ಲಾಕ್ ಆಗಿದೆ, ಸ್ವಲ್ಪ ನೋಡಿ’ ಅಂತ ನಗುತ್ತಾ ಹೇಳುತ್ತಿದ್ದ. ನಾನು ಅವನ ಹಿಂದೆ ನಿಂತಿದ್ದೆ, ಕೆಲಸದಿಂದ ತೆಗೆದ ಆದೇಶದ ಕವರ್ ಹಿಡಿದುಕೊಂಡು. ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಸೆಕ್ಯೂರಿಟಿಯವನ ಜೊತೆ ನಾನೇ ಅವನನ್ನು ಕೆಳಗಿನವರೆಗೆ ಬಿಡಬೇಕಿತ್ತು. ಇಡೀ ಸಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎತ್ತಿದವರ ಹೆಸರು ಯಾರಾದರೂ ಬರೆದುಕೊಂಡಾರು ಅಂತ. ಲಿಫ್ಟಿನಲ್ಲಿ ಅವನು ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು: ‘ಜೂಡಿತ್, ನಾನೆಂತ ತಪ್ಪು ಮಾಡಿದ್ದು?’ ಅವನು ಏನೂ ಮಾಡಿರಲಿಲ್ಲ. ಹತ್ತು ಜನರಲ್ಲಿ ಒಬ್ಬ ಬೇಕಿತ್ತು.

ಲೆಸ್ಟರ್‌ಗೂ ನೋಟಿಸ್ ಸಿಕ್ಕಿದೆ. ಡಿಸೆಂಬರ್ ಕೊನೆಗೆ ರುವೈಸ್ ಬಿಟ್ಟು ಬರುತ್ತಾರೆ. ಇಲ್ಲೇ ಉಳಿಯಬೇಕಾದರೆ ಅವರದ್ದೂ ಮಗಳು ಕ್ರಿಸ್ಟಿನಾಳದ್ದೂ ವೀಸಾ ನನ್ನ ಹೆಸರಿಗೆ ಬದಲಾಯಿಸಬೇಕು. ಅದಕ್ಕೆ ಕಂಪೆನಿಯ ಒಪ್ಪಿಗೆ ಬೇಕು. ಕಂಪೆನಿ ಅಂದರೆ ಯಾರು ಅಂತ ನಿನಗೆ ಗೊತ್ತಲ್ಲ.

ಇನ್ನು ನನಗೆ ಏನೂ ಹೇಳಲು ಹೇಳಬೇಡ.

ಜೂಡಿತ್

*

ಅಬುಧಾಬಿ
16 ಜನವರಿ 2016

ಜೂಡಿತ್,

ಹೇಳಬೇಡ ಅಂದಿದ್ದಿ. ಹೇಳಲೇಬೇಕಾಗಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಇನ್ನೊಬ್ಬರ ಬಾಯಲ್ಲಿ ನೀನು ಬೇರೆಯೇ ಕೇಳಬಾರದು.

ಖಾಲಿದಿಯಾದ ಒಂದು ಮನೆಯಲ್ಲಿ ಒಬ್ಬರು ಪ್ಯಾಲೆಸ್ಟೀನಿನ ಅಜ್ಜಿ ಇದ್ದಾರೆ. ಅವರ ಭಾಷೆಯಲ್ಲಿ ಅಜ್ಜಿಗೆ ತೇತಾ, ನಾವೆಲ್ಲ ಹಾಗೇ ಕರೆಯುವುದು. ಸಕ್ಕರೆ ಕಾಯಿಲೆ, ಬೆಳಿಗ್ಗೆ ತಿಂಡಿಗೆ ಮೊದಲು ಇನ್ಸುಲಿನ್. ಸೋಮವಾರ ಬೆಳಿಗ್ಗೆ ರಾತ್ರಿಪಾಳಿಯವಳನ್ನು ಇನ್ನೊಂದು ಮನೆಗೆ ಕರೆದೊಯ್ಯಲು ವ್ಯಾನು ಕೆಳಗೆ ಕಾಯುತ್ತಿತ್ತು. ಅವಳು ಇನ್ಸುಲಿನ್ ಕೊಟ್ಟು, ಬರೆದಿಡದೆ, ಓಡಿದಳು. ಹಗಲುಪಾಳಿಗೆ ಬಂದ ಸ್ಟೇಸಿ ಅದನ್ನೇ ಇನ್ನೊಮ್ಮೆ ಕೊಟ್ಟಳು. ಅವಳೂ ರಾತ್ರಿಯಿಡೀ ಬೇರೆ ಮನೆಯಲ್ಲಿ ದುಡಿದು ಬಂದವಳೇ. ಇಬ್ಬರನ್ನೂ ಹಾಗೆ ಹಾಕಿದ್ದು ನಾನು.

ಮಧ್ಯಾಹ್ನಕ್ಕೆ ತೇತಾ ಬೆವರಿ ಒದ್ದೆಯಾಗಿ ಕುರ್ಚಿಯಲ್ಲೇ ವಾಲಿದರು. ಮಗ ಆಂಬುಲೆನ್ಸ್ ಕರೆದ. ನಾನು ಆಸ್ಪತ್ರೆಗೆ ಹೋಗುವಾಗ ಸ್ಟೇಸಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಕೈ ಹಿಡಿದದ್ದು ಬಿಡಲೇ ಇಲ್ಲ.

‘ಮೇಡಂ, ರಾತ್ರಿಪಾಳಿಯವಳಿಗೆ ಫೋನ್ ಮಾಡಿ ಕೇಳಿದೆ. ಅವಳೂ ಕೊಟ್ಟಿದ್ದಾಳಂತೆ. ಎರಡು ಸಲ ಆಗಿದೆ ಮೇಡಂ.’

‘ಡಾಕ್ಟರಿಗೆ ಹೇಳಿದ್ದಿಯಾ?’

‘ಇಲ್ಲ. ಹೇಳ್ಬೇಡಿ ಮೇಡಂ, ನನ್ನನ್ನು ಜೈಲಿಗೆ ಹಾಕ್ತಾರೆ. ಅಮ್ಮನಿಗೆ ಗೊತ್ತಾದ್ರೆ ಸತ್ತೇ ಹೋಗ್ತಾರೆ. ಹೇಳ್ಬೇಡಿ.’

ಒಳಗೆ ಡಾಕ್ಟರು ಗ್ಲೂಕೋಸ್ ಕೊಟ್ಟಿದ್ದರು, ತೇತಾ ಕಣ್ಣು ಬಿಟ್ಟಿದ್ದರು. ತಿಂಡಿ ಸರಿಯಾಗಿ ತಿಂದಿಲ್ಲ ಅಷ್ಟೆ, ಸಂಜೆಗೆ ಮನೆಗೆ ಕರೆದುಕೊಂಡು ಹೋಗಬಹುದು ಅಂತ ಡಾಕ್ಟರು ಮಗನಿಗೆ ಹೇಳುತ್ತಿದ್ದರು. ಆ ಇನ್ಸುಲಿನ್ ದಿನವಿಡೀ ಮೈಯಲ್ಲಿ ಕೆಲಸ ಮಾಡುವಂಥದ್ದು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಮನೆಗೆ ಹೋದರೆ ಮಲಗಿದಲ್ಲೇ ಪುನಃ ಸಕ್ಕರೆ ಇಳಿಯುತ್ತದೆ. ನಿದ್ದೆ ಅಂತ ಎಣಿಸಿ ಯಾರೂ ಎಬ್ಬಿಸುವುದಿಲ್ಲ.

ನಿಯಮ ಗೊತ್ತಲ್ಲ. ಏನೇ ತಪ್ಪಾದರೂ ಎಂಟನೇ ಮಹಡಿಯ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರ ಹತ್ತಿರ, ಮನೆಯವರ ಹತ್ತಿರ ಬಾಯಿ ಬಿಡಬಾರದು. ಫೋನ್ ಮಾಡಿದೆ. ಎಂಟನೇ ಮಹಡಿಯವರ ಸೆಕ್ರೆಟರಿ ಮಾರ್ಟಿನಾ ಎತ್ತಿದಳು. ‘ವಕೀಲರ ಹತ್ತಿರ ಕೇಳ್ತಿದ್ದಾರೆ, ಸ್ವಲ್ಪ ಕಾಯಿರಿ’ ಅಂದಳು. ಕಾದೆ. ಪುನಃ ಮಾಡಿದೆ. ‘ಇನ್ನೂ ಒಪ್ಪಿಗೆ ಬರ್ಲಿಲ್ಲ.’ ಆಚೆ ಮಗ ಅಮ್ಮನ ಚಪ್ಪಲಿ ಹುಡುಕುತ್ತಿದ್ದ, ಮನೆಗೆ ಕರೆದುಕೊಂಡು ಹೋಗಲು. ಹೆದರಿಕೆ ಅಂದರೆ ಏನು ಅಂತ ನನಗೆ ಅವತ್ತೇ ಗೊತ್ತಾದದ್ದು.

ಫೋನ್ ಚೀಲದೊಳಗೆ ಹಾಕಿ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಮಗನ ಎದುರಲ್ಲೇ ಹೇಳಿದೆ. ಅವನು ಕೈಯಲ್ಲಿದ್ದ ಚಪ್ಪಲಿಯನ್ನು ಪುನಃ ಮಂಚದ ಕೆಳಗೆ ಇಟ್ಟ. ತೇತಾರನ್ನು ಅಲ್ಲೇ ಇಟ್ಟುಕೊಂಡರು. ಬೆಳಗಾಗುವುದರೊಳಗೆ ಇನ್ನೆರಡು ಸಲ ಸಕ್ಕರೆ ಇಳಿಯಿತಂತೆ. ಬದುಕಿದ್ದಾರೆ ಜೂಡಿತ್. ನಿನ್ನೆ ಮನೆಗೆ ಹೋದರು.

ಈಗ ನನ್ನನ್ನು ವಿಚಾರಣೆಗೆ ದುಬೈಗೆ ಕರೆದಿದ್ದಾರೆ. ಸ್ಟೇಸಿ ಪೂರ್ತಿ ತರಬೇತಿ ಪಡೆದವಳು, ತಪ್ಪು ಅವಳದ್ದು ಮತ್ತು ನನ್ನದು ಅಂತ ಅವರು ಹೇಳುತ್ತಾರೆ. ನನ್ನ ತಪ್ಪು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗಿಗೆ ಎರಡೇ ದಿನ ಕಲಿಸಿದ್ದು ಅಂತ ನಿನಗೆ ಗೊತ್ತು. ಎಚ್.ಆರ್. ಕಡೆಯಿಂದ ನೀನೇ ಕೂರುವುದಂತೆ. ಅಷ್ಟು ಒಂದು ಹೇಳು. ಬೇರೇನೂ ಕೇಳುವುದಿಲ್ಲ.

ರುಬೀನ

*

ದುಬೈ
28 ಜನವರಿ 2016

ರುಬೀನಾ,

ನೀನು ಎದುರಿಗೇ ಕೂತಿದ್ದಿ. ನಾನು ಹೇಳಿದ್ದನ್ನು ನಿನ್ನ ಕಿವಿಯಾರೆ ಕೇಳಿದ್ದಿ. ಆದರೂ ಬರೆಯುತ್ತಿದ್ದೇನೆ.

ವಿಚಾರಣೆಯ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ನಾನು ಮತ್ತು ಮಾರ್ಟಿನಾ ಇಬ್ಬರೇ ಇದ್ದೆವು. ಅವಳು ಬಹಳ ಪ್ರೀತಿಯಿಂದ ಕೇಳಿದಳು, ‘ಲೆಸ್ಟರ್ ಬಂದ್ರಲ್ಲ ಮನೆಗೆ? ಮಗಳ ವೀಸಾ ಇನ್ನೂ ಆಗ್ಲಿಲ್ಲ ಅಲ್ವಾ? ಫೈಲ್ ಮೇಲೆಯೇ ಉಂಟು, ಇವತ್ತು ನೋಡ್ತಾರೆ.’ ಅಷ್ಟೇ. ಬೇರೆ ಏನೂ ಹೇಳಲಿಲ್ಲ. ಎಂಟು ಅಂತ ಬೆಳಕು ಬಂತು, ಬಾಗಿಲು ತೆರೆಯಿತು.

ಅವರು ನನ್ನನ್ನು ಕೇಳಿದ್ದು, ಸ್ಟೇಸಿಯ ತರಬೇತಿ ನಿಯಮದ ಪ್ರಕಾರ ಆಗಿದೆಯಾ ಅಂತ. ನಾನು ‘ಕಂಪೆನಿಯ ನಿಯಮದ ಪ್ರಕಾರ ಆಗಿದೆ’ ಅಂದೆ. ಸುಳ್ಳಲ್ಲ ರುಬೀನಾ. ನಿಯಮವೇ ಎರಡು ದಿನ. ಎಷ್ಟು ದಿನ ಅಂತ ಅವರು ಕೇಳಲಿಲ್ಲ. ನಾನಾಗಿ ಹೇಳಬಹುದಿತ್ತು. ಪಾಯ್ಸ್ ಸರ್ ಕೂಡ ಹೇಳಬಹುದಿತ್ತು, ಅವರು ನೀರಿನ ಗ್ಲಾಸು ನೋಡುತ್ತಾ ಕೂತಿದ್ದರು. ನೀನು ಮಾತ್ರ ನನ್ನನ್ನು ನೋಡಿದ್ದು.

ನಿನಗೆ ಸವಾದ್ ಇದ್ದಾನೆ. ಅವನ ವೀಸಾದಲ್ಲಿ ನೀನಿದ್ದಿ, ಕೆಲಸ ಹೋದರೂ ದೇಶ ಬಿಡಬೇಕಾಗಿಲ್ಲ. ಧೈರ್ಯ ಮಾಡುವುದು ನಿನಗೆ ಸುಲಭ. ನನ್ನ ಮನೆಯಲ್ಲಿ ಈಗ ಮೂರು ಜನರೂ ನನ್ನ ಕುತ್ತಿಗೆಯ ಕಾರ್ಡಿಗೆ ನೇತಾಡುತ್ತಿದ್ದೇವೆ.

ಈ ಕೊನೆಯ ಸಾಲುಗಳನ್ನು ಹೊಡೆದು ಹಾಕಬೇಕು ಅನಿಸುತ್ತಿದೆ. ಹಾಕುವುದಿಲ್ಲ.

ಜೂಡಿತ್

*

ದುಬೈ
20 ಮಾರ್ಚ್ 2016

ರುಬೀನಾ,

ಜನವರಿಯ ಪತ್ರ ನಿನ್ನ ಮನೆಗೇ ಬಂದು ಕೈಯಲ್ಲಿ ಕೊಟ್ಟೆ ಅಂತ ಉಮ್ಮರಬ್ಬ ಕಾಕ ಹೇಳಿದರು. ‘ಎಂತ ಹೇಳಿದ್ಳು?’ ಅಂತ ಕೇಳಿದರೆ, ‘ಎಂತದೂ ಇಲ್ಲಮ್ಮ. ಚಾಯ ಕೊಟ್ಟಳು’ ಅಂದರು.

ನಿನ್ನನ್ನು ತೆಗೆದ ಆದೇಶ ನನ್ನ ಕೈಯಿಂದ ಟೈಪಾಗಲಿಲ್ಲ, ಅಷ್ಟು ದಯೆ ತೋರಿಸಿದರು. ಸ್ಟೇಸಿಯನ್ನು ಊರಿಗೆ ಕಳುಹಿಸಿದರು. ಅವಳ ಟಿಕೆಟ್ ಮಾತ್ರ ನಾನೇ ಮಾಡಿಸಿದೆ. ಏರ್‌ಪೋರ್ಟಿನಿಂದ ಫೋನ್ ಮಾಡಿ ‘ಥ್ಯಾಂಕ್ಸ್ ಮೇಡಂ’ ಅಂದಳು. ಯಾವುದಕ್ಕೆ ಥ್ಯಾಂಕ್ಸ್ ಅಂತ ನಾನು ಕೇಳಲಿಲ್ಲ.

ವೀಸಾ ಆಯಿತು. ಲೆಸ್ಟರ್ ಕ್ರಿಸ್ಟಿನಾಳನ್ನು ಸ್ಕೂಲ್ ಬಸ್ಸಿಗೆ ಬಿಡುತ್ತಾರೆ, ಅಡುಗೆ ಮಾಡುತ್ತಾರೆ, ಉಳಿದ ಹೊತ್ತು ಬಾಲ್ಕನಿಯಲ್ಲಿ ನಿಂತು ಕೆಳಗಿನ ರಸ್ತೆ ನೋಡುತ್ತಾರೆ.

ನನಗೆ ಬಡ್ತಿ ಕೊಟ್ಟಿದ್ದಾರೆ. ಟ್ರೇನಿಂಗ್ ಮ್ಯಾನೇಜರ್. ಯಾಕೆ ಅಂತ ನೀನೇ ಎಣಿಸು. ಹೊಸ ಕಾರ್ಡು ಕೊಟ್ಟರು, ಅದು ಎಂಟನೇ ಮಹಡಿಯ ಬಾಗಿಲನ್ನೂ ತೆರೆಯುತ್ತದೆ. ಮೊದಲು ಪ್ಯಾಂಟ್ರಿಯಲ್ಲಿ ನಾನು ಬಂದರೆ ಸುಮ್ಮನಾಗುತ್ತಿದ್ದರು. ಈಗ ಎದ್ದೇ ಹೋಗುತ್ತಾರೆ. ಅರ್ಧ ಕುಡಿದ ಚಹಾ ಸಿಂಕಿಗೆ ಚೆಲ್ಲಿ ಹೋಗುತ್ತಾರೆ. ಮೊನ್ನೆ ಮೋನು ಅಂತ ಒಬ್ಬ ಹೊಸ ನರ್ಸ್, ಕೇರಳದವನು, ಕ್ಲಾಸ್ ಮುಗಿದ ಮೇಲೆ ಏನೋ ಕೇಳಲು ನನ್ನ ಮೇಜಿನವರೆಗೆ ಬಂದ. ‘ಎಂತ?’ ಅಂದೆ. ನನ್ನ ಮುಖ ನೋಡಿ, ‘ಒಂದೂ ಇಲ್ಲ ಮೇಡಂ’ ಅಂತ ಹಿಂದೆ ಹೋದ. ನನ್ನನ್ನು ನೋಡಿ ಒಬ್ಬರು ಪ್ರಶ್ನೆಯನ್ನೇ ನುಂಗುವ ಕಾಲ ಬಂತಲ್ಲ.

ಅವನು ಏನು ಕೇಳಲು ಬಂದಿದ್ದ ಅಂತ ಆ ದಿನದಿಂದ ಯೋಚಿಸುತ್ತಿದ್ದೇನೆ. ಯಾವ ಮನೆಯಲ್ಲಿ, ಯಾವ ಅಜ್ಜಿಯ ಪಕ್ಕದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅವನು ನಿಂತಿರುತ್ತಾನೋ.

ಬೈದಾದರೂ ಎರಡು ಸಾಲು ಬರೆ.

ಜೂಡಿತ್

*

ಅಬುಧಾಬಿ
12 ಮೇ 2016

ಜೂಡಿತ್,

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯಲು ಎರಡು ಮೂರು ಸಲ ಕೂತೆ. ಬರೆಯಲಾಗಲಿಲ್ಲ. ಅದಕ್ಕೇ ಇಷ್ಟು ದಿನ ಆಯಿತು.

ಧೈರ್ಯ ನನಗೆ ಸುಲಭ ಅಂತ ಬರೆದಿದ್ದಿ. ಅರ್ಧ ನಿಜ. ಸವಾದ್ ಇಲ್ಲದಿದ್ದರೆ ನಾನು ಅವತ್ತು ಬಾಯಿ ಬಿಡುತ್ತಿದ್ದೆನಾ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಸುಲಭ ಆಗಿರಲಿಲ್ಲ. ಮುಸಫ್ಫಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ. ಡಾಕ್ಟರು ಒಳ್ಳೆಯವರು. ಆದರೂ ಅವರು ‘ಸಿಸ್ಟರ್, ಒಂದು ನಿಮಿಷ ಬನ್ನಿ’ ಅಂದರೆ, ಕೆಲಸದಿಂದ ತೆಗೆದೇ ಬಿಟ್ಟರು ಅಂತ ಚೀಲ ಹೆಗಲಿಗೆ ಹಾಕಿಯೇ ಹೋಗುತ್ತೇನೆ. ಮೊನ್ನೆ ಅವರು ಕರೆದದ್ದು ಹುಟ್ಟುಹಬ್ಬದ ಕೇಕ್ ಕೊಡಲು.

ಬರೆಯುತ್ತಿರುವುದು ಸ್ಟೇಸಿಗಾಗಿ. ಅವಳು ಎಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರೂ ಈ ಕೇಸು ಅಡ್ಡ ಬರುತ್ತಿದೆ. ಆಸ್ಪತ್ರೆಯವರು ವರದಿ ಕೊಟ್ಟದ್ದರಿಂದ ಇಲ್ಲಿಯ ಆರೋಗ್ಯ ಇಲಾಖೆಯವರು ವಿಷಯ ಕೈಗೆತ್ತಿಕೊಂಡಿದ್ದಾರೆ. ನನ್ನನ್ನು ಕರೆದಿದ್ದರು, ಹೇಳಿದೆ. ಕೆಲಸ ಕಳೆದುಕೊಂಡವಳು, ಸಿಟ್ಟಿಗೆ ಹೇಳುತ್ತಾಳೆ ಅಂತ ಕಂಪೆನಿಯ ಉತ್ತರ. ಮುಂದಿನ ತಿಂಗಳು ಕಂಪೆನಿಯ ಪರವಾಗಿ ಟ್ರೇನಿಂಗ್ ಮ್ಯಾನೇಜರ್ ಬರುತ್ತಾರಂತೆ.

ಯಾರು ಅಂತ ನನಗೆ ಗೊತ್ತು, ನಿನಗೂ ಗೊತ್ತು. ಏನು ಹೇಳಬೇಕು ಅಂತ ನಾನು ಈ ಸಲ ಹೇಳುವುದಿಲ್ಲ.

ರುಬೀನ

*

ದುಬೈ
19 ಜೂನ್ 2016

ರುಬೀನಾ,

ಮಂಗಳವಾರ ಅಬುಧಾಬಿಗೆ ಬಂದಿದ್ದೆ. ನಿನ್ನ ಮನೆಯ ಬೀದಿ ದಾಟಿಯೇ ಹೋದೆವು. ಕಂಪೆನಿಯ ಕಾರು, ಪಕ್ಕದಲ್ಲಿ ಮಾರ್ಟಿನಾ.

ದಾರಿಯುದ್ದಕ್ಕೂ ಅವಳು ನನಗೆ ಉತ್ತರ ಹೇಳಿಕೊಟ್ಟಳು. ‘ನಿಯಮದ ಪ್ರಕಾರ ಆಗಿದೆ’, ಅಷ್ಟೇ ಸಾಕು, ಜನವರಿಯಲ್ಲಿ ಹೇಳಿದ್ದನ್ನೇ ಹೇಳಿ. ಹಿಂದಿನ ದಿನ ಲೆಸ್ಟರ್‌ಗೆ ಎಲ್ಲ ಹೇಳಿದ್ದೆ. ಅವರು ಊಟದ ತಟ್ಟೆಯನ್ನು ನನ್ನ ಕಡೆ ಸರಿಸಿ, ‘ನೀನು ಸರಿಯಾಗಿ ಉಣ್ಣದೆ ಎಷ್ಟು ತಿಂಗಳಾಯ್ತು ಗೊತ್ತುಂಟಾ?’ ಅಂತ ಕೇಳಿದರು. ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಇಲಾಖೆಯ ಆಫೀಸಿನಲ್ಲಿ ಒಬ್ಬ ಹೆಂಗಸು, ಇನ್ನೊಬ್ಬ ವಯಸ್ಸಾದ ಡಾಕ್ಟರು. ಇಬ್ಬರಿಗೂ ರಂಜಾನಿನ ಉಪವಾಸ, ದನಿ ಒಣಗಿತ್ತು. ಮೊದಲು ಅದೇ ಪ್ರಶ್ನೆ, ನಾನು ಅದೇ ಉತ್ತರ ಕೊಟ್ಟೆ. ಹೌದು ರುಬೀನಾ, ಕೊಟ್ಟೆ. ಬಾಯಿಗೆ ಅಭ್ಯಾಸವಾಗಿತ್ತು. ಆ ಹೆಂಗಸು ಬರೆದುಕೊಂಡು, ಇನ್ನೇನು ಪುಟ ಮಗುಚಬೇಕು, ತಲೆ ಎತ್ತಿ ಕೇಳಿದರು: ನಿಯಮ ಅಂದರೆ ಎಷ್ಟು ದಿನ?

ಮಾರ್ಟಿನಾ ನನ್ನ ಕಡೆ ತಿರುಗಲಿಲ್ಲ. ಅವಳ ಬೆರಳು ಮಾತ್ರ ಮೇಜಿನ ಅಂಚು ಹಿಡಿದದ್ದು ಕಂಡಿತು. ‘ಎರಡು’ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮೊದಲು ಎರಡು ವಾರ ಇತ್ತು, ಬೇಗ ಬೇಗ ಜನ ಸೇರಿಸಲು ಎರಡು ದಿನ ಮಾಡಿದರು. ಆ ಹುಡುಗಿ ಇನ್ಸುಲಿನ್ ಕೊಡುವುದನ್ನು ವಿಡಿಯೋದಲ್ಲಿ ಮಾತ್ರ ನೋಡಿದ್ದಳು. ಇಬ್ಬರು ನರ್ಸುಗಳೂ ಎರಡು ಪಾಳಿ ದುಡಿದಿದ್ದರು. ಜನವರಿಯಲ್ಲಿ ಇದನ್ನು ನಾನು ಹೇಳಲಿಲ್ಲ. ಹೇಳುತ್ತಾ ಹೋದೆ, ನಿಲ್ಲಿಸಲು ಆಗಲಿಲ್ಲ. ಕೊನೆಗೆ ಡಾಕ್ಟರೇ ನೀರಿನ ಬಾಟಲಿ ನನ್ನ ಕಡೆ ದೂಡಿದರು.

ವಾಪಸು ಬರುವಾಗ, ಜೆಬೆಲ್ ಅಲಿ ದಾಟಿದ ಮೇಲೆ ಮಾರ್ಟಿನಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, ‘ಅವತ್ತು ರುಬೀನ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನಾನು ಯಾರತ್ರನೂ ಕೇಳ್ಲೇ ಇಲ್ಲ. ಮೇಲೆ ಹೋಗಿ ಹೇಳ್ಲಿಕ್ಕೆ ನಂಗೆ ಹೆದರಿಕೆ ಆಯ್ತು. ಬಾತ್‌ರೂಮಲ್ಲಿ ನಿಂತಿದ್ದೆ.’

ನಿನಗೆ ಇದನ್ನು ತಿಳಿಸಬೇಕು ಅನಿಸಿತು. ನೀನು ಕಾದ ಒಪ್ಪಿಗೆಯನ್ನು ಯಾರೂ ಕೇಳಿಯೇ ಇರಲಿಲ್ಲ.

ಮರುದಿನ ನನ್ನ ಕಾರ್ಡು ಬಾಗಿಲು ತೆರೆಯಲಿಲ್ಲ. ಪಾಯ್ಸ್ ಸರ್ ಕೆಳಗೆ ಬಂದರು, ನನ್ನ ಭುಜ ತಟ್ಟಿ ಹೋದರು. ಇಲಾಖೆಯವರು ಅಬುಧಾಬಿಯಲ್ಲಿ ಹೊಸ ಮನೆಗಳಿಗೆ ನರ್ಸುಗಳನ್ನು ಕಳುಹಿಸುವುದನ್ನು ತಡೆದಿದ್ದಾರಂತೆ, ಎಲ್ಲರಿಗೂ ಪೂರ್ತಿ ತರಬೇತಿ ಆಗುವವರೆಗೆ. ಉಮ್ಮರಬ್ಬ ಕಾಕ ಹೇಳಿದ್ದು. ವೀಸಾ ರದ್ದಾದ ಮೇಲೆ ದೇಶ ಬಿಡಲು ನಮಗೆ ಒಂದು ತಿಂಗಳು. ಲೆಸ್ಟರ್ ಮಸ್ಕತ್‌ಗೆ ಅರ್ಜಿ ಹಾಕಿದ್ದಾರೆ, ನಾನು ಎಲ್ಲ ಕಡೆ ಹಾಕಿದ್ದೇನೆ. ನಿನ್ನೆ ಕ್ರಿಸ್ಟಿನಾ ಕೇಳಿದಳು, ‘ಮಮ್ಮಾ, ಆರ್ ವಿ ಇನ್ ಟ್ರಬಲ್?’ ಹೌದು ಅಂದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಹೋಗುವ ಮೊದಲು ನಿನ್ನನ್ನು ಒಮ್ಮೆ ನೋಡಬೇಕು. ಬೇಡ ಅಂದರೆ ಬರುವುದಿಲ್ಲ.

ಜೂಡಿತ್

*

ಅಬುಧಾಬಿ
3 ಜುಲೈ 2016

ಜೂಡಿತ್,

ಸ್ಟೇಸಿಯ ಹೆಸರಿನ ಮೇಲಿದ್ದ ಕೇಸು ಮುಚ್ಚಿದ್ದಾರೆ. ಅವಳ ಅಮ್ಮ ಫೋನ್ ಮಾಡಿ ತುಳುವಿನಲ್ಲಿ ಅತ್ತರು, ನನಗೆ ಅರ್ಧ ಅರ್ಥವಾಯಿತು. ಅವಳು ಸದ್ಯಕ್ಕೆ ಇಂಜೆಕ್ಷನ್ ಹಿಡಿಯುವುದಿಲ್ಲವಂತೆ. ಸರಿಯಾದೀತು ಅಂದೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಮಾರ್ಟಿನಾಳ ಮಾತು ಓದಿದ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಚಪ್ಪಲಿ ಹುಡುಕುತ್ತಿದ್ದ ಆ ಮಗನ ಬೆನ್ನು ಕಣ್ಣಿಗೆ ಬಂತು. ಇಡೀ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪ್ರತಿ ಔಷಧಿಯನ್ನೂ ಎರಡೆರಡು ಸಲ ಎಣಿಸಿ ನೋಡಿದೆ.

ಈದ್ ಬುಧವಾರ ಇರಬಹುದು. ಎರಡನೆಯ ದಿನ ಬನ್ನಿ, ಲೆಸ್ಟರ್ ಮತ್ತು ಮಗಳನ್ನೂ ಕರೆದುಕೊಂಡು. ಅತ್ತೆ ಮರಿಯಮ್ ಬೀವಿ ಊರಿನಿಂದ ಬಂದಿದ್ದಾರೆ, ನೈಪತ್ತಿರ, ಅದೇ ಕರಿದ ಅಕ್ಕಿರೊಟ್ಟಿ, ತಟ್ಟುತ್ತಾರೆ. ಸವಾದ್ ಬಸ್ ಸ್ಟ್ಯಾಂಡಿಗೆ ಬರುತ್ತಾನೆ.

ಕ್ಷಮೆಯ ಮಾತು ಆಡಬೇಡ. ಆಡಿದರೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ವಿಚಾರಣೆಯ ಕೋಣೆಯಲ್ಲಿ ನೀನು ‘ಆಗಿದೆ’ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. ನೀನು ಬಾಗಿಲಲ್ಲಿ ನಿಂತಾಗ ನನಗೆ ಸಂತೋಷ ಆಗುತ್ತದಾ, ಅದೇ ಮಾತು ಪುನಃ ಕೇಳಿಸುತ್ತದಾ, ಎಣಿಸಿದರೆ ಹೆದರಿಕೆಯಾಗುತ್ತದೆ.

ಆದರೂ ಬಾ.

ರುಬೀನ